ವಸ್ತ್ರಾಪುರದ ಗಟ್ಟಿಮೇಳ

ಮದುವೆಗಳಿಗೆ ಹೋದಾಗ ಧಾರೆಯ ಹೊತ್ತಿಗೆ ಸರಿಯಾಗಿ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ. ಪುರೋಹಿತರು ಬೆರಳೆತ್ತಿ ‘ಗಟ್ಟಿಮೇಳ’ ಅನ್ನುವುದರೊಳಗೆ ಛತ್ರದ ಬಾಗಿಲು ದಾಟಿರಬೇಕು. ಅದಕ್ಕೆಂದೇ ಮೂಲೆಯ ಕುರ್ಚಿ ಹುಡುಕಿ ಕೂರುತ್ತೇನೆ. ಅಕ್ಷತೆ ಕೈಯಲ್ಲೇ ಉಳಿದುಹೋಗುತ್ತದೆ. ನೆಂಟರು ಕೇಳಿದರೆ ನನ್ನ ಹೆಂಡತಿ ಸರೋಜ, “ಅವರಿಗೆ ಹಸಿವು ತಡ್ಯಕ್ಕಾಗಲ್ಲ, ಮೊದಲ ಪಂಕ್ತೀಲಿ ಜಾಗ ಹಿಡಿಯಕ್ಕೆ ಹೋಗಿರ್ತಾರೆ” ಎಂದು ನಗಿಸಿ ಮಾತು ತೇಲಿಸುತ್ತಾಳೆ. ನಿವೃತ್ತನಾದ ಮೇಲೆ ನನಗೆ ತಿಂಡಿಪೋತನೆಂಬ ಹೆಸರು ಬಂದದ್ದು ಹೀಗೆ. ಇರಲಿ ಅಂತ ಸುಮ್ಮನಿದ್ದೇನೆ.

ಹೋದ ತಿಂಗಳು ಮೈಸೂರಿನಲ್ಲಿ ಸರೋಜಳ ಅಣ್ಣನ ಮಗಳ ಮದುವೆ. ಹುಡುಗನ ಮನೆಯವರು ಉಡುಪಿ ಕಡೆಯವರು. ಅಲ್ಲೆಲ್ಲ ಮದುವೆಗೂ ದೇವಸ್ಥಾನಕ್ಕೂ ಸ್ಯಾಕ್ಸೋಫೋನೇ ವಾಲಗ. ಅವರೇ ವಾದ್ಯದವರನ್ನು ಜೊತೆಗೆ ಕರೆತಂದಿದ್ದರು. ನನ್ನನ್ನು ಮುಂದಿನ ಸಾಲಿನ ಮಧ್ಯದಲ್ಲಿ ಕೂರಿಸಿದ್ದರು, ಎರಡೂ ಪಕ್ಕದಲ್ಲಿ ದಪ್ಪ ದಪ್ಪ ಷಡ್ಡಕರು. ಏಳುವುದಕ್ಕೆ ದಾರಿಯಾಗಲಿಲ್ಲ. ಪುರೋಹಿತರ ಬೆರಳು ಮೇಲೆದ್ದಿತು, ಸ್ಯಾಕ್ಸೋಫೋನು ಒಮ್ಮೆಲೇ ಅಬ್ಬರಿಸಿತು, ಎಲ್ಲರೂ ಅಕ್ಷತೆ ಎರಚಿದರು, ನಾನು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಹೆಣ್ಣಿನ ಅಪ್ಪನಿಗಿಂತ ಮೊದಲು ಈ ಮನುಷ್ಯ ಯಾಕೆ ಅತ್ತ ಎಂದು ಎಲ್ಲರಿಗೂ ಆಶ್ಚರ್ಯ. ಅಲ್ಲಿ ಯಾರಿಗೂ ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಂಕಿನ ನೌಕರಿಯ ಕೊನೆಯ ವರ್ಗಾವಣೆ ನನ್ನನ್ನು ಅಹಮದಾಬಾದಿಗೆ ತಂದು ಹಾಕಿತ್ತು. ವಸ್ತ್ರಾಪುರದ ಕೆರೆಯಿಂದ ಎರಡು ಗಲ್ಲಿ ಆಚೆ ಬಾಡಿಗೆ ಮನೆ. ಸಕ್ಕರೆ ಹಾಕಿದ ಬೇಳೆ ತಿಂದು ತಿಂದು ನಾಲಿಗೆ ಬೇಸತ್ತಾಗ ಹೋಗಿ ಕೂರುವುದಕ್ಕೆ ಮಗ್ಗುಲಲ್ಲೇ ಒಂದು ಉಡುಪಿ ಹೋಟೆಲು ಇತ್ತು. ಅದರ ಮ್ಯಾನೇಜರು ಸಂಜೀವಣ್ಣ. ಐವತ್ತೆಂಟರ ಆಸುಪಾಸು, ಕಾರ್ಕಳದ ಕಡೆಯವರು. ಯಾವ ಟೇಬಲಿಗೆ ಚಟ್ನಿ ಮುಗಿದಿದೆ ಎಂದು ಬೆನ್ನು ತಿರುಗಿಸಿಯೇ ಹೇಳಬಲ್ಲ ಮನುಷ್ಯ. ನಾನೋ, ಕನ್ನಡ ಕಿವಿಗೆ ಬಿದ್ದರೆ ಸಾಕು, ಊರು ಯಾವುದು, ಮಕ್ಕಳೆಷ್ಟು, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದು ವಿಚಾರಿಸದೆ ಬಿಡುವವನಲ್ಲ. ಊರ ಉಸಾಬರಿಯೆಲ್ಲ ನಿಮಗೇ ಬೇಕು ಎಂದು ಸರೋಜ ಮದುವೆಯಾದ ಮೊದಲ ವಾರದಿಂದ ಹೇಳುತ್ತಲೇ ಇದ್ದಾಳೆ. ಆ ಉಸಾಬರಿಯೇ ಈ ಕಥೆಯ ಮೂಲ.

ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಹೋಟೆಲಿನಲ್ಲಿ ಬಿಡುವು. ಆ ಹೊತ್ತಿನಲ್ಲಿ ಸಂಜೀವಣ್ಣ ಹಿತ್ತಲಲ್ಲಿ ನೀರಿನ ಡ್ರಮ್ಮಿನ ಪಕ್ಕ ಕುರ್ಚಿ ಹಾಕಿಕೊಂಡು, ಸ್ಯಾಕ್ಸೋಫೋನಿನ ಬಾಯಿಗೆ ಟವೆಲು ತುರುಕಿ ಮೆಲ್ಲಗೆ ಊದುತ್ತಿದ್ದರು. ಅವರ ಮನೆತನವೇ ವಾದ್ಯದ್ದು. ಹೋಟೆಲಿನ ಕೆಲಸಕ್ಕೆಂದು ಇಪ್ಪತ್ತೈದು ವರ್ಷಗಳ ಹಿಂದೆ ಇಲ್ಲಿಗೆ ಬಂದರೂ, ಅಹಮದಾಬಾದು, ಬರೋಡ, ಸೂರತ್ತು, ಎಲ್ಲಿ ಕನ್ನಡದವರ ಮದುವೆಯಾದರೂ ಪೆಟ್ಟಿಗೆ ಹಿಡಿದುಕೊಂಡು ರೈಲು ಹತ್ತುವವರು ಅವರೇ. ರೈಲ್ವೆಯವರು, ವಿಮೆಯವರು, ಬ್ಯಾಂಕಿನವರು, ಎಲ್ಲರ ಮಕ್ಕಳ ಧಾರೆಗೂ ಅವರದೇ ಗಟ್ಟಿಮೇಳ.

ಆ ವರ್ಷ ದೀಪಾವಳಿ ಕಳೆದು ಚಳಿ ಶುರುವಾಗುವ ಹೊತ್ತಿಗೆ ರುಸ್ತಮ್ ಭಾಯ್ ಎಂಬ ಪಾರ್ಸಿ ಮೇಷ್ಟರು ಈ ಹಿತ್ತಲಿನ ಸದ್ದು ಕೇಳಿದರು. ಪಿಯಾನೋ ಹೇಳಿಕೊಡುವವರು, ಭಾನುವಾರ ತಪ್ಪದೆ ದೋಸೆಗೆ ಬರುವವರು. ಕೆರೆಯ ಎದುರಿನ ಒಂದು ಕೆಫೆಯ ಮಹಡಿಯಲ್ಲಿ ನಲವತ್ತು ಕುರ್ಚಿ ಹಾಕಿ, ಭಾನುವಾರದ ಸಂಜೆಗಳಲ್ಲಿ ಅವರು ಜಾಝ್ ನುಡಿಸುತ್ತಿದ್ದರು. ಪಿಯಾನೋಗೆ ಅವರೇ, ಡ್ರಮ್ಮಿಗೆ ಒಬ್ಬರು, ದೊಡ್ಡ ಬಾಸ್ ಗಿಟಾರಿಗೆ ಒಬ್ಬರು. ಊದುವವರು ಇರಲಿಲ್ಲ. ಬನ್ನಿ ಎಂದು ಕರೆದರು. ಸಂಜೀವಣ್ಣ ನನ್ನ ಕಡೆ ನೋಡಿದರು. ನಾನು, “ಹೋಗಿಬನ್ರೀ, ಯಾರೂ ನಿಮ್ಮನ್ನ ತಿಂದುಬಿಡಲ್ಲ” ಎಂದೆ.

ಅಭ್ಯಾಸಕ್ಕೆ ನಾನೂ ಹೋಗಿ ಕೂರುತ್ತಿದ್ದೆ. ಅಲ್ಲಿ ನಡೆದದ್ದು ಸಂಗೀತದ ಪಾಠವಲ್ಲ, ಸುಮ್ಮನಿರುವ ಪಾಠ. ಸಂಜೀವಣ್ಣನವರಿಗೆ ಬಿಡುವು ಕೊಟ್ಟು ಊದಲು ಬರುತ್ತಿರಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಗಮಕ ಹಾಕಿ ತುಂಬಿಸಿಬಿಡುತ್ತಿದ್ದರು. ರುಸ್ತಮ್ ಭಾಯ್ ಪಿಯಾನೋದಿಂದ ಕೈ ತೆಗೆದು, “ಜಗಹ್ ಛೋಡೋ, ಸಂಜೀವ್ ಭಾಯ್. ಥೋಡಾ ರುಕೋ” ಅನ್ನುತ್ತಿದ್ದರು. ಜಾಗ ಬಿಡಿ, ಸ್ವಲ್ಪ ನಿಲ್ಲಿ. ವಾಪಸು ಬರುವಾಗ ಸಂಜೀವಣ್ಣ ನನ್ನ ಹತ್ತಿರ ಗೊಣಗುತ್ತಿದ್ದರು.

“ನಿಲ್ಲಿಸುವುದು ಹೇಗೆ ಸಾರ್? ನಮ್ಮಲ್ಲಿ ಊದುವವ ನಿಲ್ಲಿಸಿದ ಅಂದ್ರೆ ಒಂದೋ ಮದುವೆ ಮುಗಿದಿದೆ, ಇಲ್ಲ ಯಾರಿಗೋ ಏನೋ ಆಗಿದೆ ಅಂತ ಲೆಕ್ಕ. ಧಾರೆ ಹೊತ್ತಿಗೆ ಒಂದು ಸೀನು ಸಹ ಯಾರ ಕಿವಿಗೂ ಬೀಳ್ಬಾರ್ದು. ಅದಕ್ಕೇ ಅಲ್ವಾ ನಮ್ಮನ್ನು ಕರೆಯುವುದು?”

“ಇಲ್ಲಿ ಸೀನಿದರೆ ಸೀನಲಿ ಬಿಡಿ” ಎಂದೆ.

“ನಿಮಗೆ ತಮಾಷೆ. ನನ್ನ ಕಣ್ಣು ಈಗಲೂ ಭಟ್ರನ್ನೇ ಹುಡುಕ್ತದೆ. ಯಾವ ರಾಗ ಇರ್ಲಿ, ಎಲ್ಲಿ ಇರ್ಲಿ, ಅವರ ಬೆರಳು ಮೇಲೆ ಹೋಯ್ತಾ, ಅಲ್ಲೇ ಬಿಟ್ಟು ಗಟ್ಟಿಮೇಳ. ಕೈಗೆ ಅದೊಂದೇ ಗೊತ್ತಿರುವುದು.”

ಈ ಮಾತನ್ನು ಅವರು ಹೇಳಿದ್ದರು. ನಾನು ಕೇಳಿದ್ದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಕೆರೆಯ ಸುತ್ತ ನಡೆಯುವಾಗ ಅವರು ಮಗಳ ವಿಷಯ ತೆಗೆದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ನಯನಾ. ಕೆಮಿಸ್ಟ್ರಿ ಓದಿ ಊರಂಚಿನ ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲೇ ಜೊತೆಗಿದ್ದ ಗುಜರಾತಿ ಹುಡುಗನನ್ನು ಮೆಚ್ಚಿ, ನಾಲ್ಕು ವರ್ಷದ ಹಿಂದೆ ಸೂರತ್ತಿನಲ್ಲಿ ಮದುವೆಯಾಗಿ ಅಲ್ಲೇ ನೆಲೆಸಿದ್ದಳು. ಇವರು ಹೋಗಲಿಲ್ಲ. ನಾನು ಜಾತಿಯ ಜಗಳವಿರಬೇಕು ಎಂದುಕೊಂಡೆ.

“ಛೆ, ಹುಡುಗ ಒಳ್ಳೆಯವ ಸಾರ್. ಅದಲ್ಲ. ‘ಪಪ್ಪ, ನನ್ನ ಮದುವೆಯಲ್ಲಿ ನೀವು ಊದುವುದು ಬೇಡ’ ಹೇಳಿದ್ಲು. ಇಡೀ ಗುಜರಾತಿನ ಕನ್ನಡದವರ ಮಕ್ಕಳಿಗೆ ಊದಿದವ ನಾನು. ನನ್ನ ಮಗಳಿಗೆ ನಾನು ಊದುವುದು ನಾಚಿಕೆಯಾ? ಹಾಗಾದ್ರೆ ನಾನು ಬರುವುದೂ ಬೇಡ ಅಂತ ಇಲ್ಲೇ ಕೂತೆ. ಅವತ್ತು ಧಾರೆ ಹೊತ್ತಿಗೆ ಹೋಟೆಲಲ್ಲಿ ಎರಡನೇ ಟ್ರಿಪ್ಪಿನ ಇಡ್ಲಿ ಇಳಿಸಿದ್ರು ನೋಡಿ, ಆಗ ಗಂಟೆ ನೋಡಿದೆ.”

ಇನ್ನರ್ಧ ಸುತ್ತು ನಡೆದೆವು. ಕೊನೆಗೆ, “ಜನವರಿ ಕೊನೇ ಭಾನುವಾರ ರುಸ್ತಮ್ ಭಾಯ್ ನನಗೆ ಒಬ್ಬನೇ ಊದ್ಲಿಕ್ಕೆ ಜಾಗ ಕೊಟ್ಟಿದ್ದಾರೆ. ಅವಳು ಬಂದು ಕೇಳಿದ್ರೆ ಸಾಕಿತ್ತು. ನಾನು ಫೋನ್ ಮಾಡಿದ್ರೆ ಎತ್ತುವುದಿಲ್ಲ. ನೀವು ಒಮ್ಮೆ ಹೇಳಿ ನೋಡ್ತೀರಾ?” ಎಂದರು. ಇಂಥ ಕೆಲಸಕ್ಕೆ ನನಗಿಂತ ಉತ್ಸಾಹಿ ಇನ್ನೆಲ್ಲಿ ಸಿಗಬೇಕು. ಅವತ್ತೇ ಮಾಡಿದೆ.

ನಯನಾಳ ಕನ್ನಡ ಇಲ್ಲಿ ಬೆಳೆದ ಮಕ್ಕಳದು. ಅರ್ಧ ಹಿಂದಿ, ಹುಡುಕಿ ಹುಡುಕಿ ಆಡುವ ಮಾತು. ಆದರೆ ಹೇಳಬೇಕಾದ್ದನ್ನು ನೇರವಾಗಿ ಹೇಳಿದಳು. “ಪಪ್ಪ ಯಾವಾಗ್ಲೂ ಸೈಡಲ್ಲಿ ಕೂತು ಊದ್ತಿದ್ರು ಅಂಕಲ್. ನಾನು ಚಿಕ್ಕವಳು, ಜೊತೆಗೆ ಹೋಗ್ತಿದ್ದೆ ನಾ. ಎಲ್ಲರದ್ದೂ ಊಟ ಆದ್ಮೇಲೆ ಲಾಸ್ಟಲ್ಲಿ ನಮಗೆ ಊಟ. ಫೋಟೋದಲ್ಲಿ ಪಪ್ಪ ಎಲ್ಲೂ ಇಲ್ಲ. ನನ್ನ ಮದುವೆಗೆ ಅವ್ರು ಮಧ್ಯದಲ್ಲಿ ಕೂರ್ಬೇಕು, ನನ್ನ ಕೈ ಹಿಡೀಬೇಕು, ಬಸ್, ಇಷ್ಟೇ ನನಗೆ ಬೇಕಿತ್ತು. ಅವ್ರು ಬರ್ಲೇ ಇಲ್ಲ.”

ಇದನ್ನು ನಾನು ಸಂಜೀವಣ್ಣನವರಿಗೆ ಒಂದಕ್ಷರ ಬಿಡದೆ ಹೇಳಿದೆ. ಅವರು ಒರೆಸಿದ ಟೇಬಲನ್ನೇ ಮತ್ತೆ ಒರೆಸುತ್ತಿದ್ದರು. “ಹಾಗಾ ಹೇಳಿದ್ಲು?” ಎಂದು ಎರಡು ಸಲ ಕೇಳಿದರು. ಈಗಲೇ ಮಾತಾಡಿ ಎಂದು ಫೋನು ಮುಂದೆ ಹಿಡಿದೆ. “ಬೇಡ ಸಾರ್. ಫೋನಲ್ಲಿ ನನಗೆ ಬಾಯಿ ಬರುವುದಿಲ್ಲ. ಅವಳು ಬರ್ಲಿ. ಮೊದಲು ಊದ್ತೇನೆ, ಮತ್ತೆ ಮಾತಾಡ್ತೇನೆ” ಎಂದರು. ನಯನಾಳಿಗೆ ಮತ್ತೆ ಫೋನು ಮಾಡಿ, “ಅವರು ನಿನಗೋಸ್ಕರ ನುಡಿಸ್ತಾರಮ್ಮ, ಬಾ” ಎಂದೆ. ನೋಡ್ತೀನಿ ಅಂಕಲ್ ಎಂದಳು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ.

ಉತ್ತರಾಯಣ, ಅಂದರೆ ನಮ್ಮ ಸಂಕ್ರಾಂತಿ, ಬಂದು ಹೋಯಿತು. ಗಾಳಿಪಟದ ದಾರಗಳು ಬೇವಿನ ಮರಗಳಿಗೂ ವಿದ್ಯುತ್ ತಂತಿಗಳಿಗೂ ಸುತ್ತಿಕೊಂಡು ಉಳಿದವು. ಸಂಜೀವಣ್ಣ ಆ ಎರಡು ವಾರ ಬೇರೆಯೇ ಮನುಷ್ಯ. ಸಪ್ಲೈಯರುಗಳನ್ನು ಬೈಯುವುದು ಮರೆತರು. ಮಗಳು ಚಿಕ್ಕವಳಿದ್ದಾಗ, ಶಾಲೆಯಿಂದ ಬಂದು ಮಲಗುವಾಗ ಟವೆಲು ತುರುಕಿ ಊದುತ್ತಿದ್ದ ನೀಲಾಂಬರಿ ರಾಗವನ್ನೇ ಆರಿಸಿಕೊಂಡಿದ್ದರು. ರುಸ್ತಮ್ ಭಾಯ್ ಅದರ ಕೆಳಗೆ ಪಿಯಾನೋದಲ್ಲಿ ಅಲ್ಲೊಂದು ಇಲ್ಲೊಂದು ಸ್ವರ ಇಡುತ್ತಿದ್ದರು. ಬರಬರುತ್ತಾ ಸಂಜೀವಣ್ಣನವರಿಗೆ ನಿಲ್ಲಿಸುವುದು ಕೈಗೆ ಬಂತು. ಒಂದು ಸ್ವರ ಊದಿ, ಅದು ತಾನಾಗಿ ಆರುವ ತನಕ ಕಾಯುತ್ತಿದ್ದರು. ಅದನ್ನು ಕೇಳುವಾಗ ನನಗೆ, ಈ ಮನುಷ್ಯ ಮಗಳ ಹತ್ತಿರ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು.

ಆ ಭಾನುವಾರ ಸಂಜೆ ಐದೂವರೆಗೆ ಮಹಡಿ ತುಂಬಿತ್ತು. ಮುಂದಿನ ಸಾಲಿನಲ್ಲಿ ನಾನು, ಸರೋಜ, ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಯಾರೂ ಕೂರದ ಹಾಗೆ ಸರೋಜ ಅದರ ಮೇಲೆ ಶಾಲು ಇಟ್ಟಿದ್ದಳು. ಸಂಜೀವಣ್ಣ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟಿದ್ದರು. ವೇದಿಕೆ ಹತ್ತಿದ ಕೂಡಲೇ ಅವರ ಕಣ್ಣು ಆ ಕುರ್ಚಿಗೆ ಹೋಯಿತು, ಶಾಲಿನ ಮೇಲೆ ಒಂದು ಗಳಿಗೆ ನಿಂತಿತು. ಹಾಲಿನ ಹಿಂದೆ ಬಾಗಿಲು, ಅದರ ಪಕ್ಕದಲ್ಲೇ ದೊಡ್ಡ ಕಿಟಕಿ. ಇಳಿಬಿಸಿಲು ಆ ಕಿಟಕಿಯಿಂದ ಒಳಬಂದು ನೇರ ಅವರ ಮುಖಕ್ಕೆ ಹೊಡೆಯುತ್ತಿತ್ತು. ಹಿಂದಿನ ಸಾಲುಗಳು ಅವರಿಗೆ ಕಾಣುವಂತಿರಲಿಲ್ಲ.

ಶುರು ಮಾಡಿದರು. ನಾನು ಸಂಗೀತ ಬಲ್ಲವನಲ್ಲ, ಆದರೆ ಆ ಕಾಲು ಗಂಟೆಯ ಬಗ್ಗೆ ಹೇಳಬಲ್ಲೆ. ಕೆಳಗಿನ ಸ್ವರವೊಂದನ್ನು ಉಸಿರೇ ಸದ್ದಾದಂತೆ ಊದಿ ಬಿಟ್ಟರು. ಕಾದರು. ಇನ್ನೊಂದು. ಮತ್ತೆ ಕಾದರು. ಪಿಯಾನೋ ಎಲ್ಲೋ ಒಂದು ಸ್ವರ ಕೊಟ್ಟು ಹಿಂದೆ ಸರಿಯಿತು. ಕೆಳಗೆ ರಸ್ತೆಯಲ್ಲಿ ರಿಕ್ಷಾಗಳು ಹಾರ್ನು ಮಾಡುವುದು ಕೇಳುತ್ತಿತ್ತು, ಅದೂ ಅಡ್ಡಿಯೆನಿಸಲಿಲ್ಲ. ನಮ್ಮ ಸಾಲಿನಲ್ಲೇ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಕಪ್ಪನ್ನು ಬಾಯಿಯ ಹತ್ತಿರ ಹಿಡಿದವಳು ಕುಡಿಯುವುದು ಮರೆತಿದ್ದಳು. ಸರೋಜ ನನ್ನ ತೋಳು ಹಿಡಿದುಕೊಂಡಿದ್ದಳು. ರಾಗ ಮೇಲಕ್ಕೆ ಹೋಗಿ, ಇನ್ನೇನು ಇಳಿಯಬೇಕು ಅನ್ನುವಲ್ಲಿ ಸಂಜೀವಣ್ಣ ನಿಲ್ಲಿಸಿದರು. ಅಷ್ಟು ದೀರ್ಘವಾಗಿ ಅವರು ಅಭ್ಯಾಸದಲ್ಲೂ ನಿಲ್ಲಿಸಿರಲಿಲ್ಲ.

ಆಗ ನಾನು ಯಾಕೋ ಹಿಂದೆ ತಿರುಗಿದೆ. ಬಾಗಿಲಲ್ಲಿ ನಯನಾ. ಫೋನಿನಲ್ಲಿ ಅವಳ ಚಿತ್ರ ನೋಡಿದ್ದೆ, ಅಪ್ಪನದೇ ಹಣೆ. ಹೆಗಲಿಗೆ ಚೀಲ, ಒಂದು ಕಾಲು ಒಳಗಿಟ್ಟು ನಿಂತಿದ್ದಾಳೆ. ಕಣ್ಣು ತುಂಬಿಕೊಂಡಿತ್ತು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಇಲ್ಲಿ ಜಾಗ ಇದೆ ಬಾ ಎಂದು ತೋರಿಸಲು, ಬಲಗೈಯನ್ನು ತಲೆಯ ಮೇಲೆತ್ತಿ ಬೆರಳು ನಿಲ್ಲಿಸಿದೆ.

ಬಿಸಿಲಿಗೆದುರಾಗಿ ಸಂಜೀವಣ್ಣ ಕಂಡದ್ದು ಮೇಲೆದ್ದ ಆ ಬೆರಳಿನ ಕಪ್ಪು ನೆರಳನ್ನು ಮಾತ್ರ. ನೀಲಾಂಬರಿ ಅಲ್ಲೇ ಬಿತ್ತು. ಗಟ್ಟಿಮೇಳ ಶುರುವಾಯಿತು, ಸಾವಿರ ಜನದ ಛತ್ರ ತುಂಬುವಷ್ಟು ಜೋರಾಗಿ. ನಲವತ್ತು ಜನ ಒಟ್ಟಿಗೆ ಬೆಚ್ಚಿದರು. ರುಸ್ತಮ್ ಭಾಯ್ ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ, ಆಮೇಲೆ ಮಾನ ಉಳಿಸಲು ಜೊತೆಗೆ ನುಡಿಸತೊಡಗಿದರು. ಡ್ರಮ್ಮಿನವರೂ ಸೇರಿಕೊಂಡರು. ಇದೆಲ್ಲ ಮೊದಲೇ ಯೋಚಿಸಿದ್ದೇ ಇರಬೇಕೆಂದು ಜನ ನಕ್ಕರು, ಸಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು. ನಾನು ತಿರುಗಿ ನೋಡಿದಾಗ ಬಾಗಿಲು ಖಾಲಿಯಿತ್ತು.

ಮೆಟ್ಟಿಲಿಳಿದು ಓಡಿದೆ. ಕೆರೆಯ ಗೇಟಿನವರೆಗೂ ಹೋದೆ. ಭಾನುವಾರದ ಜನಜಂಗುಳಿಯಲ್ಲಿ ಅವಳು ಕಾಣಲಿಲ್ಲ. ವಾಪಸು ಬಂದಾಗ ಸಂಜೀವಣ್ಣ ಒಂದು ಮೂಲೆಯಲ್ಲಿ ಕೂತು ವಾದ್ಯದ ನೀರು ಒರೆಸುತ್ತಿದ್ದರು. ಜನ ಬಂದು ಕೈ ಕುಲುಕುತ್ತಿದ್ದರು. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

“ಯಾರೋ ಕೈ ಎತ್ತಿದ್ರು ಸಾರ್. ನಿಮಗೆ ಕಂಡಿತಾ?”

“ನಾನು ಗಮನಿಸಲಿಲ್ಲ” ಎಂದೆ.

“ಹಾಳಾಯ್ತು. ಎಲ್ಲ ಹಾಳು ಮಾಡಿದೆ.” ವಾದ್ಯವನ್ನು ಪೆಟ್ಟಿಗೆಯೊಳಗಿಟ್ಟು, “ಅವಳು ಬರ್ಲಿಲ್ಲ ಅಲ್ವಾ? ಬಾರದ್ದೇ ಒಳ್ಳೇದಾಯ್ತು” ಎಂದು ನನ್ನ ಮುಖ ನೋಡಿದರು.

“ಇಲ್ಲ, ಬರಲಿಲ್ಲ” ಎಂದೆ.

ಬಂದು ಹೊರಟುಹೋದಳು ಎಂದರೆ ಈ ಮನುಷ್ಯ ಅಲ್ಲೇ ಕುಸಿಯುತ್ತಾರೆ, ಎರಡು ದಿನದಲ್ಲಿ ನಾನೇ ಎಲ್ಲ ಸರಿಮಾಡಿ ಇಬ್ಬರನ್ನೂ ಎದುರುಬದುರು ಕೂರಿಸುತ್ತೇನೆ, ಆಮೇಲೆ ಹೇಳಿದರಾಯಿತು. ಹಾಗಂತ ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಎತ್ತಿದ ಕೈ ನನ್ನದು ಎಂದು ಹೇಳಲು ಧೈರ್ಯವಾಗಲಿಲ್ಲ. ಸರೋಜ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಕೈ ಕಂಡಿತ್ತು. ಮನೆಗೆ ಬಂದು, “ಹೇಳಿಬಿಡಿ ಅಂದ್ರೆ” ಎಂದು ಎಷ್ಟು ಸಲ ಅಂದಳೋ.

ನಯನಾ ನನ್ನ ಫೋನು ಎತ್ತಲಿಲ್ಲ. ಉದ್ದುದ್ದ ಮೆಸೇಜು ಬರೆದು ಕಳಿಸಿದೆ, ಒಂದೇ ಟಿಕ್ಕಿನಲ್ಲಿ ನಿಂತಿತು. ಸರೋಜಳ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡಿದಳು. ಸೂರತ್ತಿಗೇ ಹೋಗಿಬರುವುದು ಎಂದು ತೀರ್ಮಾನಿಸಿದೆ. ಆದರೆ ಫೆಬ್ರವರಿ ಮುಗಿಯುತ್ತಿತ್ತು, ಬ್ಯಾಂಕಿನವರಿಗೆ ಮಾರ್ಚ್ ಕ್ಲೋಸಿಂಗ್ ಅಂದರೆ ಹೆತ್ತ ತಾಯಿಯೂ ಕಾಯಬೇಕು. ಮಾರ್ಚ್ ಮುಗಿಯಲಿ, ಏಪ್ರಿಲ್ ಮೊದಲ ವಾರವೇ ಹೋಗುತ್ತೇನೆ ಎಂದುಕೊಂಡೆ. ಜೀವಮಾನವಿಡೀ ಎಲ್ಲವನ್ನೂ ಮಾರ್ಚ್ ಮುಗಿಯಲಿ ಎಂದೇ ತಳ್ಳಿ ರೂಢಿ.

ಸಂಜೀವಣ್ಣ ಮತ್ತೆ ಮಹಡಿಗೆ ಹೋಗಲಿಲ್ಲ. ರುಸ್ತಮ್ ಭಾಯ್ ಎರಡು ಸಲ ಕರೆಯಲು ಬಂದರು. ಜನ ಅದನ್ನೇ ಕೇಳುತ್ತಿದ್ದಾರೆ ಎಂದರು. ಇವರು ಮಸಾಲೆ ದೋಸೆ ತಂದಿಟ್ಟು ಒಳಗೆ ಹೋದರು. ಹಿತ್ತಲಿನ ಕುರ್ಚಿಯನ್ನು ಯಾರೋ ಎತ್ತಿ ಬೇರೆಡೆ ಇಟ್ಟರು. “ಅವಳಿಗೆ ಮನಸ್ಸಿಲ್ಲ ಸಾರ್, ಬಿಡಿ. ನಾಲ್ಕು ವರ್ಷ ನಾನು ಹೋಗ್ಲಿಲ್ಲ, ಒಂದು ದಿನ ಅವಳು ಬರ್ಲಿಲ್ಲ. ಅವಳದ್ದು ತಪ್ಪಿಲ್ಲ. ಪುನಃ ಫೋನ್ ಮಾಡಿ ಅವಳಿಗೆ ಉಪದ್ರ ಕೊಡ್ಬೇಡಿ” ಎಂದರು. ಅವತ್ತು ಬಾಯಿ ತನಕ ಬಂದ ಮಾತನ್ನು ಕಾಫಿಯ ಜೊತೆ ನುಂಗಿಕೊಂಡೆ.

ಮಾರ್ಚ್ ಮೂರನೇ ವಾರ, ಮಧ್ಯಾಹ್ನದ ಊಟದ ಗಲಾಟೆಯೆಲ್ಲ ಮುಗಿದ ಮೇಲೆ, ಸಂಜೀವಣ್ಣ ಟೇಬಲಿಗೆ ತಲೆ ಆನಿಸಿ ಕೂತವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಹೋಟೆಲಿನವರು ಫೋನು ಮಾಡಿದ ಮೇಲೆ ನಯನಾ ಗಂಡನ ಜೊತೆ ಬಂದಳು. ಸ್ಮಶಾನದಲ್ಲಿ ಅವಳು ಅಳಲಿಲ್ಲ. ಪುರೋಹಿತರು ಹೇಳಿದ್ದನ್ನೆಲ್ಲ ಮಾಡಿದಳು. ನಾನು ಹೊಗೆಯ ಆಚೆ ನಿಂತೇ ಇದ್ದೆ.

ಸ್ಯಾಕ್ಸೋಫೋನಿನ ಪೆಟ್ಟಿಗೆ ಹೋಟೆಲಿನಲ್ಲೇ ಉಳಿದಿತ್ತು. ಏಪ್ರಿಲ್ ಮೊದಲ ವಾರ ಅದನ್ನು ಹಿಡಿದುಕೊಂಡು ಸೂರತ್ತಿನ ರೈಲು ಹತ್ತಿದೆ. ನಯನಾಳ ಮನೆ ಪಾಂಡೇಸರಾದಲ್ಲಿ, ಬಣ್ಣದ ಮಿಲ್ಲುಗಳ ಮಗ್ಗುಲಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಸುಡು ಮಧ್ಯಾಹ್ನ, ಗಾಳಿಯಲ್ಲಿ ಬಿಸಿ ಆವಿಯ, ಕೆಮಿಕಲ್ಲಿನ ವಾಸನೆ. ಬಾಗಿಲು ತೆಗೆದವಳು ಪೆಟ್ಟಿಗೆ ನೋಡಿ ದಾರಿ ಬಿಟ್ಟಳು. ನೀರು ತಂದುಕೊಟ್ಟಳು. ಗಂಡ ಕೆಲಸಕ್ಕೆ ಹೋಗಿದ್ದ. ಪೆಟ್ಟಿಗೆ ನಮ್ಮಿಬ್ಬರ ಮಧ್ಯೆ ನೆಲದ ಮೇಲಿತ್ತು, ಅವಳು ಅದನ್ನು ಮುಟ್ಟಲಿಲ್ಲ.

“ನಿಮ್ಮದು ಗಲತಿ ಇಲ್ಲ ಅಂಕಲ್, ನೀವು ಒಳ್ಳೇದಕ್ಕೆ ಕರೆದ್ರಿ” ಎಂದು ಅವಳೇ ಶುರು ಮಾಡಿದಳು. “ನಾನು ಮೆಟ್ಟಿಲಲ್ಲೇ ಕೇಳ್ದೆ, ನಾನು ಮಲಗುವಾಗ ಊದ್ತಿದ್ದದ್ದು. ಓಡಿ ಬಂದೆ. ಕಾಲು ಒಳಗೆ ಇಟ್ಟೆ, ಪಪ್ಪ ನನ್ನನ್ನೇ ನೋಡ್ತಿದ್ರು, ಸೀದಾ. ನೋಡಿ ಅದನ್ನು ನಿಲ್ಸಿದ್ರು. ಆಮೇಲೆ ಗಟ್ಟಿಮೇಳ ಊದಿದ್ರು. ನನ್ನ ಮದುವೆಗೆ ಊದದ್ದು, ಈಗ ತಗೋ ಅಂತ, ಎಲ್ಲರ ಮುಂದೆ. ಜನ ಹಸ್ತಾ ಇದ್ರು, ನಕ್ಕರು. ಅಷ್ಟು ಸಿಟ್ಟು ಇತ್ತಾ ನನ್ನ ಮೇಲೆ?”

ಕಿಟಕಿಯ ಬಿಸಿಲಿನಿಂದ ಹೇಳಲು ಶುರು ಮಾಡಿದೆ. ಅವರ ಕಣ್ಣಿಗೆ ಬಾಗಿಲು ಕಾಣುತ್ತಿರಲಿಲ್ಲ ಎಂದೆ. ನಿನಗೆ ಕುರ್ಚಿ ತೋರಿಸಲು ಕೈ ಎತ್ತಿದವನು ನಾನು ಎಂದೆ. ಆ ಬೆರಳು ನೋಡಿ ಅವರ ಕೈ ತಾನಾಗಿ ಓಡಿತು, ನಿನ್ನ ಮೇಲೆ ಅವರಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ, ಆ ರಾಗವನ್ನು ವಾರಗಟ್ಟಲೆ ನಿನಗಾಗಿಯೇ ಕೂಡಿಸಿದ್ದರು ಎಂದೆ. ನಿನ್ನ ಅಪ್ಪನ ಹತ್ತಿರ ಸುಳ್ಳು ಹೇಳಿದೆ ಎಂಬುದನ್ನೂ ಹೇಳಿದೆ. ಹೇಳುತ್ತಾ ಹೋದಂತೆ ಅವಳ ಮುಖ ಸಡಿಲವಾಗುತ್ತದೆ, ಭಾರ ಇಳಿಯುತ್ತದೆ ಎಂದು ನಾನು ತಿಳಿದಿದ್ದೆ. ರೈಲಿನಲ್ಲಿ ಬರುವಾಗಲೂ ಅದೇ ಸಮಾಧಾನ ಹೇಳಿಕೊಂಡು ಬಂದಿದ್ದೆ.

ಸರಿಯಾದ ಕನ್ನಡ ಪದಗಳನ್ನು ಹುಡುಕುವಂತೆ ಅವಳ ತುಟಿ ಅಲ್ಲಾಡಿತು.

“ಅಂದ್ರೆ, ನಾನು ಬರ್ಲೇ ಇಲ್ಲ ಅಂತ ತಿಳ್ಕೊಂಡೇ ಪಪ್ಪ ಹೋದ್ರಾ?”

“ಹೌದಮ್ಮ” ಎಂದೆ.

ಅವಳು ಎದ್ದು ಹೋಗಿ ಬಾಗಿಲು ತೆಗೆದು ಹಿಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.